ಧ್ರುವದ ಓಝೋನ್ ಗಡಿಯನ್ನು ನಾವು ಹುಡುಕಿದ ಬಗೆ

ದಾವಣಗೆರೆಯ ನೆತ್ತಿಯ ಮೇಲೆ ಪರಿವರ್ತನ ಮಂಡಲ (ನಾವಿರುವ, ಗಾಳಿಯ ಕೆಳಪದರ) ಮುಗಿಯುವುದು ಸುಮಾರು 16–17 ಕಿ.ಮೀ. ಎತ್ತರದಲ್ಲಿ. ಧ್ರುವಗಳಲ್ಲಿ 8–9 ಕಿ.ಮೀ.ಗೇ ಅದರ ಮೇಲಿನ ಪದರವಾದ ಸಮೋಷ್ಣ ಮಂಡಲ ಶುರು. ಓಝೋನ್ ಹೆಚ್ಚಾಗಿ ಹುಟ್ಟುವುದು ಉಷ್ಣವಲಯದ ಮೇಲೆ. ಬ್ರೂವರ್–ಡಾಬ್ಸನ್ ಪರಿಚಲನೆ ಎಂಬ ಮೇಲ್ಗಾಳಿಯ ನಿಧಾನ ಹರಿವು ಅದನ್ನು ಧ್ರುವಕ್ಕೆ ಸಾಗಿಸಿ ಕೆಳಗಿಳಿಸುತ್ತದೆ. ಬೋರ್ಡಿನ ಮೇಲೆ ಬಾಣ ಎಳೆದು ಇದನ್ನು ಮುಗಿಸಲು ನನಗೆ ಮನಸ್ಸಾಗಲಿಲ್ಲ. ಎಂಎಸ್ಸಿ ಮಕ್ಕಳ ಪ್ರಾಜೆಕ್ಟಿಗೆಂದು, ಅಮೆರಿಕದ ನೋವಾ ಸಂಸ್ಥೆ 1986ರಿಂದ ದಕ್ಷಿಣ ಧ್ರುವದಲ್ಲಿ ಹಾರಿಸುತ್ತಿರುವ ಓಝೋನ್‌ಸೋಂಡ್ (ಏರುತ್ತ ಓಝೋನ್ ಅಳೆಯುವ ಸಾಧನ) ಬಲೂನುಗಳ ಕಡತಗಳನ್ನು ಇಳಿಸಿಕೊಂಡೆ. ಯಾರು ಬೇಕಾದರೂ ಪಡೆಯಬಹುದು.

ಮೊದಲು ಮಾನ ಬದಲಿಸಬೇಕು. ಮಿಲಿಪಾಸ್ಕಲ್‌ನಲ್ಲಿರುವ ಓಝೋನನ್ನು ಹೆಕ್ಟೊಪಾಸ್ಕಲ್‌ನಲ್ಲಿರುವ ಗಾಳಿಯ ಒತ್ತಡದಿಂದ ಭಾಗಿಸಿ ಹತ್ತರಿಂದ ಗುಣಿಸಿದರೆ ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಓಝೋನಿನ ಪಾಲು, ಸಿಗುತ್ತದೆ. ಗಾಳಿ ಇಳಿದರೂ ಏರಿದರೂ, ಬೇರೆ ಗಾಳಿ ಬೆರೆಯದ, ರಾಸಾಯನಿಕ ಕ್ರಿಯೆ ನಡೆಯದ ತನಕ ಈ ಅನುಪಾತ ಬದಲಾಗದು. ಗಾಳಿ ಎಲ್ಲಿಂದ ಬಂತೆಂದು ಹೇಳುವುದು ಅದೇ.

ಈ ಎರಡು ಮಂಡಲಗಳ ನಡುವಿನ ಗಡಿ, ಅಂದರೆ ಟ್ರೋಪೋಪಾಸ್, ಹುಡುಕುವುದೇ ನಿಜವಾದ ಕಷ್ಟ. ಉಷ್ಣಾಂಶದ ಇಳಿಕೆ ಕಿ.ಮೀ.ಗೆ 2 ಡಿಗ್ರಿಗಿಂತ ಕಡಿಮೆಯಾದಲ್ಲಿ ಟ್ರೋಪೋಪಾಸ್ ಎನ್ನುತ್ತದೆ ರೂಢಿಯ ನಿಯಮ. ಜುಲೈ, ಆಗಸ್ಟ್‌ನ ಉಷ್ಣಾಂಶದ ಗೆರೆ ನೋಡಿ ಒಬ್ಬಳು ವಿದ್ಯಾರ್ಥಿನಿ, “ಮೇಡಂ, ಇದು ತಿರುಗೋದೇ ಇಲ್ವಲ್ಲ!” ಎಂದಳು. ಸರಿಯಾಗೇ ನೋಡಿದ್ದಳು. ಸೂರ್ಯನೇ ಇಲ್ಲದ ಆ ಚಳಿಗಾಲದಲ್ಲಿ ಸಮೋಷ್ಣ ಮಂಡಲದೊಳಕ್ಕೂ ತಂಪು ಏರುತ್ತಲೇ ಹೋಗುತ್ತದೆ. ಹಾಗಾಗಿ ಓಝೋನನ್ನೇ ಗಡಿಗಲ್ಲು ಮಾಡಿಕೊಂಡೆವು: ಅನುಪಾತ 80 ಪಿಪಿಬಿ (ಪಿಪಿಎಂನ ಸಾವಿರದಲ್ಲೊಂದು ಪಾಲು) ದಾಟಿರಬೇಕು, ಕಿ.ಮೀ.ಗೆ 60ಕ್ಕಿಂತ ಜೋರಾಗಿ ಏರುತ್ತಿರಬೇಕು, ಮೇಲೆ 110ನ್ನೂ ಮೀರಬೇಕು. ಗಡಿ ಸ್ಪಷ್ಟವಾಗಿ ಕಂಡಿತು. ಮಕ್ಕಳಿಗಿಂತ ನನಗೇ ಹೆಚ್ಚು ಖುಷಿ.

ಗಡಿಯ ಕೆಳಗೆ ಓಝೋನ್ ಹೆಚ್ಚಿದ್ದು ತೇವಾಂಶ ತೀರಾ ಕಡಿಮೆಯಿರುವ ತೆಳುವಾದ ಪದರ ಸಿಕ್ಕರೆ, ಮೇಲಿನ ಒಣಗಾಳಿ ನಾಲಿಗೆಯಂತೆ ಕೆಳಗೆ ಚಾಚಿರುವ ಸಾಧ್ಯತೆ ಹೆಚ್ಚು. ಎರಡೂ ಒಟ್ಟಿಗೆ ಕಾಣಬೇಕು. ಬರೀ ಓಝೋನ್ ಏರಿಕೆಯನ್ನು ನಾನು ಒಪ್ಪುವುದಿಲ್ಲ. ಅಲ್ಲಿನ ಬೇಸಿಗೆಯಲ್ಲಿ ಹಿಮದಿಂದ ಹೊರಬೀಳುವ ನೈಟ್ರೋಜನ್ ಆಕ್ಸೈಡುಗಳು ಬಿಸಿಲಿಗೆ ಸಿಕ್ಕಿ ನೆಲದ ಹತ್ತಿರವೇ ಓಝೋನ್ ಹುಟ್ಟಿಸುತ್ತವೆ. ಕಡುಚಳಿಯಲ್ಲಿ ತೇವಾಂಶದ ಸಂವೇದಕ ನಿಧಾನವಾಗುತ್ತದೆ, ಓಝೋನ್ ಸಂವೇದಕವೂ 20–30 ಸೆಕೆಂಡು ಹಿಂದೆ ಬೀಳುತ್ತದೆ. ಬಲೂನು ಸೆಕೆಂಡಿಗೆ ಸುಮಾರು 5 ಮೀಟರ್ ಏರುವುದರಿಂದ, ನೂರು ಮೀಟರಿಗಿಂತ ತೆಳುವಾದ ಪದರವನ್ನು ನಂಬಬೇಡಿ.

ಮೇಲಿನಿಂದ ಓಝೋನಿನ ಇಳಿತವನ್ನೇ ಅಳೆಯುವುದಾದರೆ ಅಕ್ಟೋಬರ್ ಬಿಡಿ. ಆಗ 14ರಿಂದ 20 ಕಿ.ಮೀ. ನಡುವೆ ಕ್ಲೋರಿನ್ ಓಝೋನನ್ನು ಬಹುತೇಕ ತಿಂದುಹಾಕಿರುತ್ತದೆ; ಕಡಿಮೆಯಾದದ್ದು ಸಾಗಾಟದಿಂದಲೋ ರಾಸಾಯನಿಕ ಕ್ರಿಯೆಯಿಂದಲೋ ಎಂದು ಬಲೂನಿನ ಗೆರೆಯೊಂದರಿಂದಲೇ ಬಿಡಿಸಿ ಹೇಳಲಾಗದು.