ತುಕ್ಕು ತುಂಬಿದ ಪೈಪು

ಉಡುಪಿ ಕಡೆಯ ಹಿರಿಯಡ್ಕದ ಹತ್ತಿರ ನಮ್ಮದು ಸಣ್ಣ ಅಡಿಕೆ ತೋಟ, ಹಟ್ಟಿಯಲ್ಲಿ ಆರು ದನ. ಗೋಬರ್ ಗ್ಯಾಸ್ ಅಪ್ಪನ ಕಾಲದ್ದು. ಒಲೆಗೆ ಉರಿಸಿ ಮಿಕ್ಕ ಗ್ಯಾಸನ್ನು ತೋಟದ ಡೀಸೆಲ್ ಪಂಪಿಗೆ ಕೊಟ್ಟೆ. ಎಂಜಿನ್ ಗಾಳಿ ಎಳೆಯುವ ಕಡೆ ಪೈಪು ಸೇರಿಸಿದ್ದು, ಅಷ್ಟೇ. ಡೀಸೆಲ್ ಖರ್ಚು ಅರ್ಧಕ್ಕಿಂತ ಕೆಳಗೆ ಬಂತು. ಆ ಖುಷಿ ಒಂದು ಬೇಸಿಗೆ ಮಾತ್ರ. ಎಂಜಿನ್ ಬಿಚ್ಚಿದ ಮೆಕ್ಯಾನಿಕ್ ಬೇರಿಂಗ್ ತೋರಿಸಿ, "ಆಸಿಡ್ ತಿಂದ ಹಾಗುಂಟಲ್ಲ ಮಾರಾಯ್ರೆ" ಅಂದರು.

ತಿಂದದ್ದು ಗೋಬರ್ ಗ್ಯಾಸಿನ ಜೊತೆ ಬರುವ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ನಾತ ಅದರದ್ದೇ. ಉರಿದರೆ ಗಂಧಕದ ಹೊಗೆ, ಅದಕ್ಕೆ ನೀರು ಸೇರಿದರೆ ಆಸಿಡ್. ತಪ್ಪು ನನ್ನದೂ ಇತ್ತು. ಗ್ಯಾಸ್ ಜಾಸ್ತಿ ಬರಲಿ ಅಂತ ಮಲ್ಪೆಯಿಂದ ಮೀನಿನ ತಲೆ, ಕರುಳು ತಂದು ಗೋಬರ್ ಗ್ಯಾಸಿನ ಗುಂಡಿಗೆ ಸುರಿದಿದ್ದೆ. ಪ್ರೋಟೀನಿನಲ್ಲಿ ಗಂಧಕ ಇರುತ್ತದಲ್ವಾ, ಗ್ಯಾಸಿನ ಜೊತೆ ಅದೂ ಬಂತು.

ಇದಕ್ಕೆ ಮದ್ದು ತುಕ್ಕು, ಗ್ಯಾಸಿನ ಗಂಧಕವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಲೇತ್ ಅಂಗಡಿಯಿಂದ ಕಬ್ಬಿಣದ ಸುರುಳಿ ಚೂರು ತಂದು, ಸೋಪಿನ ನೀರಲ್ಲಿ ಎಣ್ಣೆ ತೊಳೆದು, ಅಂಗಳದಲ್ಲಿ ಹರಡಿದೆ. ನಮ್ಮ ಊರಲ್ಲಿ ತುಕ್ಕಿಗೆ ಬರವೇ? ಕೆಂಪಾದ ಚೂರನ್ನು 4 ಇಂಚಿನ ಪಿವಿಸಿ ಪೈಪಿಗೆ ಸಡಿಲವಾಗಿ ತುಂಬಿ ನಿಲ್ಲಿಸಿದೆ. ಕೆಳಗಿಂದ ಗ್ಯಾಸ್ ಒಳಗೆ, ಮೇಲಿಂದ ಹೊರಗೆ. ಒತ್ತಿ ತುಂಬಿದರೆ ಗ್ಯಾಸೇ ಹೋಗುವುದಿಲ್ಲ. ಅದಕ್ಕೂ ಮೊದಲು, ಗ್ಯಾಸಿನ ಲೈನ್ ತಗ್ಗಿದ, ನೀರು ನಿಲ್ಲುವ ಜಾಗದಲ್ಲಿ ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ), ಒಂದು ಕಾಕ್ (ನಲ್ಲಿ). ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಅಲ್ಲಿಂದ ನೀರು ಬಿಡಬೇಕು.

ಪರೀಕ್ಷೆಗೆ ಮಂಗಳೂರಿನಿಂದ ಲೆಡ್ ಅಸಿಟೇಟ್ ಪೇಪರ್ ತಂದೆ, ಹೈಡ್ರೋಜನ್ ಸಲ್ಫೈಡ್ ತಾಗಿದರೆ ಅದು ಕಪ್ಪಾಗುತ್ತದೆ. ಪೈಪಿಗೆ ಮುಂಚೆ ಹಿಡಿದರೆ ಕಪ್ಪು, ಆಮೇಲೆ ಹಿಡಿದರೆ ಬಿಳಿ. ಮೂಗನ್ನು ನಂಬಬೇಡಿ. ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ನಾತವೇ ಗೊತ್ತಾಗುವುದಿಲ್ಲ, ಜೀವಕ್ಕೇ ಅಪಾಯ.

ಕೆಲವು ವಾರದಲ್ಲಿ ಚೂರು ಕಪ್ಪಾಯಿತು. ಗ್ಯಾಸ್ ಬಂದ್ ಮಾಡಿ, ಚೂರು ತೆಗೆದು, ಸುಮ್ನೆ ತೆಂಗಿನ ಮಡಲಿನ ರಾಶಿ ಪಕ್ಕ ಗುಡ್ಡೆ ಹಾಕಿ ಊಟಕ್ಕೆ ಹೋದೆ. ಅಮ್ಮ ಕರೆದರು: "ಎಂತ ಮಗಾ, ಅಲ್ಲಿ ಹೊಗೆ?" ಕಪ್ಪು ಚೂರಿಗೆ ಗಾಳಿ ತಾಗಿದರೆ ಮತ್ತೆ ತುಕ್ಕಾಗುತ್ತದೆ, ಆಗ ಬಿಸಿ ಏರುತ್ತದೆ. ಬೆಂಕಿಯೂ ಹತ್ತಬಹುದು. ಎರಡು ಕೊಡ ನೀರು ಸುರಿದ ಮೇಲೆ ತಣ್ಣಗಾಯಿತು. ಈಗ ಒದ್ದೆ ಮಾಡಿಯೇ ತೆಗೆಯುತ್ತೇನೆ, ಮುರಕಲ್ಲಿನ ಮೇಲೆ ತೆಳ್ಳಗೆ ಹರಡುತ್ತೇನೆ. ಮತ್ತೆ ಕೆಂಪಾದರೆ ಮತ್ತೆ ಪೈಪಿಗೆ. ಮೂರು ನಾಲ್ಕು ಸಲ ಆದ ಮೇಲೆ ಗಂಧಕ ಮೆತ್ತಿಕೊಂಡು ಚೂರು ಕೆಲಸ ನಿಲ್ಲಿಸುತ್ತದೆ, ಹೊಸತು ತರಬೇಕು.

ಗ್ಯಾಸಿನಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ತೆಗೆಯಲು ನಾನು ಹೋಗಲಿಲ್ಲ. ಗ್ಯಾಸನ್ನು ಸಿಲಿಂಡರಿಗೆ ತುಂಬುವವರು ಅದನ್ನು ತೆಗೆಯಬೇಕು, ಪಂಪಿಗಾದರೆ ತೆಗೆಯುವುದು ಬೇಡ. ಮೀನಿನ ಬಕೆಟ್ ಈಗ ತೆಂಗಿನ ಬುಡಕ್ಕೆ ಹೋಗುತ್ತದೆ.