ಎಂಎಫ್‌ಎ ಓದುವಾಗ ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಪಡೆಯುವುದು ಹೇಗೆ

ಅಮೆರಿಕದಲ್ಲಿ ಕ್ರಿಯೇಟಿವ್ ರೈಟಿಂಗ್ ಎಂಎಫ್‌ಎ (ಮಾಸ್ಟರ್ ಆಫ್ ಫೈನ್ ಆರ್ಟ್ಸ್, ಸೃಜನಶೀಲ ಬರವಣಿಗೆಯ ಸ್ನಾತಕೋತ್ತರ ಪದವಿ) ಸಾಮಾನ್ಯವಾಗಿ ಎರಡು ಅಥವಾ ಮೂರು ವರ್ಷದ ಓದು, 36ರಿಂದ 60 ಕ್ರೆಡಿಟ್. ಅದರಲ್ಲಿ ಬಹುಪಾಲು ವರ್ಕ್‌ಶಾಪ್ (ವಿದ್ಯಾರ್ಥಿಗಳು ಬರೆದದ್ದನ್ನು ತರಗತಿಯಲ್ಲಿ ಚರ್ಚಿಸುವ ಕೋರ್ಸ್), ಸಾಹಿತ್ಯದ ಕೋರ್ಸು, ಥೀಸಿಸ್‌ಗೇ ಹೋಗುತ್ತದೆ. ಉಳಿದ ಎಲೆಕ್ಟಿವ್ (ಐಚ್ಛಿಕ ಕೋರ್ಸ್) ಜಾಗದಲ್ಲಿ ಇಂಟರ್ನ್‌ಶಿಪ್ ಹಾಕಿಕೊಳ್ಳಬಹುದು. ಸಾಹಿತ್ಯ ಪತ್ರಿಕೆಯಲ್ಲೋ ಸಣ್ಣ ಪ್ರಕಾಶನದಲ್ಲೋ ಒಂದು ಸೆಮಿಸ್ಟರ್ ದುಡಿದರೆ ಮೂರು ಕ್ರೆಡಿಟ್ ಸಿಗಬಹುದು. ಆದರೆ ಅಲ್ಲಿ ಏನು ಕಲಿಯುತ್ತೀರಿ ಎಂಬುದನ್ನು ಕೆಲಸ ಶುರುವಾಗುವ ಮುಂಚೆಯೇ ಬರೆದು, ಸಹಿ ಹಾಕಿಸಿಕೊಂಡಿರಬೇಕು. ಮುಗಿದ ಕೆಲಸವನ್ನು ತಂದು ತೋರಿಸಿ ಕ್ರೆಡಿಟ್ ಕೇಳಿದರೆ ಸಾಮಾನ್ಯವಾಗಿ ಕೊಡುವುದಿಲ್ಲ.

ಮೊದಲು ನಿಮ್ಮ ವಿಭಾಗದ ಹ್ಯಾಂಡ್‌ಬುಕ್ ತೆಗೆದು ನೋಡಿ. ಇಂಟರ್ನ್‌ಶಿಪ್‌ಗೆ ಪ್ರತ್ಯೇಕ ಕೋರ್ಸ್ ನಂಬರ್ ಇದೆಯೇ? ಪದವಿಗೆ ಎಷ್ಟು ಕ್ರೆಡಿಟ್‌ವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಗ್ರೇಡ್ ಕೊಡುತ್ತಾರೋ, ಬರೀ ಪಾಸು-ಫೇಲೋ? ಕೋರ್ಸ್ ನಂಬರ್ ಇಲ್ಲದಿದ್ದರೆ ಅಧ್ಯಾಪಕರೊಬ್ಬರ ಕೈಕೆಳಗೆ ಇಂಡಿಪೆಂಡೆಂಟ್ ಸ್ಟಡಿ ಎಂದು ಮಾಡಿಸಿಕೊಳ್ಳಲು ಆಗುತ್ತದೆಯೇ ಎಂದು ಪ್ರೋಗ್ರಾಂ ಡೈರೆಕ್ಟರ್ ಹತ್ತಿರ ಕೇಳಿ. ಇಂಟರ್ನ್‌ಶಿಪ್ ಕ್ರೆಡಿಟ್ ವರ್ಕ್‌ಶಾಪಿನ ಬದಲಿಗೆ ಬರುತ್ತದೆ ಎಂದುಕೊಂಡು, ಕೊನೆಯ ಸೆಮಿಸ್ಟರಿನಲ್ಲಿ ಒಂದು ವರ್ಕ್‌ಶಾಪ್ ಬಾಕಿ ಉಳಿಸಿಕೊಂಡವರಿದ್ದಾರೆ.

ಗಂಟೆಗಳ ಲೆಕ್ಕ ಒಂದೊಂದು ಕಡೆ ಒಂದೊಂದು ರೀತಿ. ಒಂದು ಕ್ರೆಡಿಟ್‌ಗೆ 40ರಿಂದ 50 ಗಂಟೆ ಎಂಬುದು ಹೆಚ್ಚು ರೂಢಿ. ಮೂರು ಕ್ರೆಡಿಟ್‌ಗೆ 120ರಿಂದ 150 ಗಂಟೆಯಾಯಿತು; 15 ವಾರಕ್ಕೆ ಹಂಚಿದರೆ ವಾರಕ್ಕೆ 8ರಿಂದ 10 ಗಂಟೆ. ಕ್ಲಾಸು ತೆಗೆದುಕೊಳ್ಳುವ ಟೀಚಿಂಗ್ ಅಸಿಸ್ಟೆಂಟ್‌ಗಳಿಗೆ ಇದು ಸಣ್ಣ ಹೊರೆಯಲ್ಲ. ಥೀಸಿಸ್ ಬರೆಯುವ ಸೆಮಿಸ್ಟರಿನಲ್ಲಂತೂ ಬೇಡವೇ ಬೇಡ.

ಜಾಗ ಹುಡುಕಲು ಮೂರು ತಿಂಗಳು ಮುಂಚೆಯೇ ಶುರುಮಾಡಿ. ವಿಶ್ವವಿದ್ಯಾಲಯದ್ದೇ ಸಾಹಿತ್ಯ ಪತ್ರಿಕೆ ಇದ್ದರೆ ಅಲ್ಲಿಂದ ಆರಂಭಿಸುವುದು ಸುಲಭ. ಹೊರಗೆ ನೋಡುವವರಿಗೆ ಮಿನಿಯಾಪೊಲಿಸ್ ಒಳ್ಳೆಯ ಊರು: ಗ್ರೇವುಲ್ಫ್, ಮಿಲ್ಕ್‌ವೀಡ್, ಕಾಫಿ ಹೌಸ್ ಎಂಬ ಮೂರು ಲಾಭರಹಿತ ಪ್ರಕಾಶನಗಳು ಅಲ್ಲೇ ಇವೆ. ಕನ್ನಡ ಓದಬಲ್ಲವರು ಅನುವಾದ ಪ್ರಕಟಿಸುವ ಪತ್ರಿಕೆ, ಪ್ರಕಾಶನಗಳಿಗೆ ಬರೆಯುವಾಗ ಅದನ್ನು ಮೊದಲ ಸಾಲಿನಲ್ಲೇ ಹೇಳಿ. 2025ರ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಕನ್ನಡ ಕಥಾಸಂಕಲನದ ಅನುವಾದಕ್ಕೆ ಬಂದಿದೆ. ಮೂಲವನ್ನೇ ಓದಿ ಎರಡು ಪುಟದ ವರದಿ ಬರೆದುಕೊಡಬಲ್ಲ ಇಂಟರ್ನ್ ಸಂಪಾದಕರಿಗೆ ನಿಜಕ್ಕೂ ಉಪಯೋಗ.

ಲಾಭದ ಕಂಪನಿ ಸಂಬಳವಿಲ್ಲದೆ ಕರೆದರೆ ಜಾಗ್ರತೆ. ಕ್ರೆಡಿಟ್ ಸಿಗುತ್ತದೆ ಎಂದ ಮಾತ್ರಕ್ಕೆ ಪುಕ್ಕಟೆ ದುಡಿಸಿಕೊಳ್ಳುವುದು ಕಾನೂನುಬದ್ಧವಾಗುವುದಿಲ್ಲ. ಇಂಟರ್ನ್‌ಶಿಪ್‌ನಿಂದ ಹೆಚ್ಚು ಪ್ರಯೋಜನ ಯಾರಿಗೆ, ವಿದ್ಯಾರ್ಥಿಗೋ ಕಂಪನಿಗೋ ಎಂದು ಅಳೆಯಲು ಅಮೆರಿಕದ ಕಾರ್ಮಿಕ ಇಲಾಖೆ 2018ರಿಂದ ಏಳು ಅಂಶಗಳನ್ನು ನೋಡುತ್ತದೆ. ಕ್ರೆಡಿಟ್ ಅವುಗಳಲ್ಲಿ ಒಂದು ಅಂಶದ ಭಾಗ, ಅಷ್ಟೇ.

ಇನ್ನು ಕಲಿಕೆಯ ಒಪ್ಪಂದ. ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೇ. ಅದರಲ್ಲಿ ಸಂಸ್ಥೆಯ ಮೇಲ್ವಿಚಾರಕರು, ನಿಮ್ಮ ಅಧ್ಯಾಪಕರು, ಆರಂಭದ ಮತ್ತು ಕೊನೆಯ ತಾರೀಖು, ವಾರದ ಗಂಟೆ, ಮಾಡುವ ಕೆಲಸ, ಕೊನೆಗೆ ಒಪ್ಪಿಸಬೇಕಾದ ಬರವಣಿಗೆ ಎಲ್ಲವೂ ಇರಬೇಕು. "ಪ್ರಕಾಶನ ಕ್ಷೇತ್ರದ ಪರಿಚಯ ಮಾಡಿಕೊಳ್ಳುತ್ತೇನೆ" ಎಂದು ಬರೆದರೆ ಅಧ್ಯಾಪಕರು ಹಿಂದಕ್ಕೆ ಕಳಿಸುತ್ತಾರೆ, ಕಳಿಸಬೇಕಾದದ್ದೇ. ಹೀಗೆ ಬರೆಯಿರಿ: "ವಾರಕ್ಕೆ 25 ಕಥೆಗಳನ್ನು ಸಬ್‌ಮಿಟಬಲ್‌ನಲ್ಲಿ (ಪತ್ರಿಕೆಗಳು ಬರಹ ಸ್ವೀಕರಿಸುವ ಆನ್‌ಲೈನ್ ವ್ಯವಸ್ಥೆ) ಓದಿ, ಪ್ರತಿಯೊಂದಕ್ಕೂ ಮೂರು ವಾಕ್ಯದ ಟಿಪ್ಪಣಿ ಬರೆಯುವುದು, ಆಯ್ಕೆಯಾದ ಎರಡು ಕಥೆಗಳನ್ನು ಶಿಕಾಗೋ ಮ್ಯಾನ್ಯುಯಲ್ (ಸಂಪಾದನೆಯ ನಿಯಮಗಳ ಕೈಪಿಡಿ) ಪ್ರಕಾರ ಕಾಪಿ ಎಡಿಟ್ ಮಾಡುವುದು, ಕೊನೆಗೆ, ಮೊದಲ ಪುಟದಲ್ಲೇ ಕಥೆ ಯಾಕೆ ತಿರಸ್ಕೃತವಾಗುತ್ತದೆ ಎಂಬುದರ ಮೇಲೆ ಎಂಟು ಪುಟದ ಪ್ರಬಂಧ." ಇಷ್ಟು ಬರೆದಿದ್ದರೆ, ನಡುವೆ ನಿಮ್ಮನ್ನು ಅಂಚೆ ಪೊಟ್ಟಣ ಕಟ್ಟುವುದಕ್ಕೇ ಕೂರಿಸಿದಾಗ ತೋರಿಸಿ ಮಾತಾಡಲು ಕೈಯಲ್ಲೊಂದು ಕಾಗದ ಇರುತ್ತದೆ.

ಎಫ್‌-1 ವಿದ್ಯಾರ್ಥಿ ವೀಸಾದಲ್ಲಿ ಇರುವವರು ಮುಂದಿನದನ್ನು ಎರಡು ಸಲ ಓದಿ. ಕ್ಯಾಂಪಸ್ಸಿನ ಹೊರಗಿನ ಇಂಟರ್ನ್‌ಶಿಪ್‌ಗೆ ಸಿಪಿಟಿ (ಕರಿಕ್ಯುಲರ್ ಪ್ರಾಕ್ಟಿಕಲ್ ಟ್ರೈನಿಂಗ್, ಓದಿನ ಭಾಗವಾಗಿ ಕೆಲಸ ಮಾಡಲು ಬಿಡುವ) ಅನುಮತಿ ಬೇಕು, ಅದನ್ನು ಕೊಡುವವರು ವಿಶ್ವವಿದ್ಯಾಲಯದ ಡಿಎಸ್‌ಓ (ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿ). ಸಾಮಾನ್ಯವಾಗಿ ಒಂದು ಪೂರ್ತಿ ಶೈಕ್ಷಣಿಕ ವರ್ಷ ಮುಗಿದಿರಬೇಕು, ಕೆಲಸ ಪಠ್ಯಕ್ರಮದ ಭಾಗವಾಗಿರಬೇಕು. ಕ್ರೆಡಿಟ್ ಕೋರ್ಸಿಗೆ ಹೆಸರು ನೋಂದಾಯಿಸಿದ್ದೇ ಇದಕ್ಕೆ ಬಲವಾದ ಆಧಾರ. ಹಾಗಾಗಿ ಕ್ರಮ ಹೀಗೆ: ಸಂಸ್ಥೆಯಿಂದ ಆಫರ್ ಲೆಟರ್, ಒಪ್ಪಂದಕ್ಕೆ ಸಹಿ, ಕೋರ್ಸ್ ನೋಂದಣಿ, ಸಿಪಿಟಿ ಅರ್ಜಿ, ಹೊಸ ಐ-20 (ವಿದ್ಯಾರ್ಥಿ ವೀಸಾಕ್ಕೆ ವಿಶ್ವವಿದ್ಯಾಲಯ ಕೊಡುವ ದಾಖಲೆ), ಆಮೇಲೆ ಕೆಲಸ. ಆಫರ್ ಲೆಟರಿನಲ್ಲಿ ಸಂಸ್ಥೆಯ ವಿಳಾಸ, ಹುದ್ದೆ, ತಾರೀಖು, ವಾರದ ಗಂಟೆ, ಕೆಲಸದ ವಿವರ ಇರಲೇಬೇಕು. ಸಣ್ಣ ಪತ್ರಿಕೆಗಳು ಎರಡು ಸಾಲಿನ ಇಮೇಲ್ ಕಳಿಸಿ ಸುಮ್ಮನಾಗುತ್ತವೆ, ಅಷ್ಟು ಸಾಲದು. ಅನುಮತಿ ಆ ಸಂಸ್ಥೆಗೆ, ಆ ತಾರೀಖುಗಳಿಗೆ ಮಾತ್ರ. ಐ-20ಯಲ್ಲಿರುವ ದಿನಕ್ಕಿಂತ ಒಂದು ದಿನ ಮುಂಚೆಯೂ ಶುರುಮಾಡಬೇಡಿ. ಸಂಬಳ ಇಲ್ಲದಿದ್ದರೂ, ಮನೆಯಿಂದಲೇ ಮಾಡುವ ಕೆಲಸವಾದರೂ ಡಿಎಸ್‌ಓ ಅವರನ್ನು ಕೇಳಿಯೇ ಮುಂದುವರಿಯಿರಿ.

ವಾರಕ್ಕೆ 20 ಗಂಟೆಯೊಳಗಿದ್ದರೆ ಅರೆಕಾಲಿಕ ಸಿಪಿಟಿ. ಪೂರ್ಣಕಾಲಿಕ ಸಿಪಿಟಿ 12 ತಿಂಗಳು ಮುಟ್ಟಿದರೆ ಆ ಹಂತದ ಪದವಿಗೆ ಸಿಗುವ ಓಪಿಟಿ (ಆಪ್ಷನಲ್ ಪ್ರಾಕ್ಟಿಕಲ್ ಟ್ರೈನಿಂಗ್, ಓದಿದ ಕ್ಷೇತ್ರದಲ್ಲಿ ಕೆಲಸ ಮಾಡುವ ಅನುಮತಿ) ಕೈತಪ್ಪುತ್ತದೆ. ಕ್ರಿಯೇಟಿವ್ ರೈಟಿಂಗ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿಲ್ಲ, ಆದ್ದರಿಂದ ಓಪಿಟಿಗೆ 24 ತಿಂಗಳ ವಿಸ್ತರಣೆಯೂ ಇಲ್ಲ. ಪದವಿಯ ನಂತರ ಇರುವುದೇ 12 ತಿಂಗಳ ಓಪಿಟಿ, ಅದನ್ನು ಕಾಪಾಡಿಕೊಳ್ಳಿ.

ದುಡ್ಡಿನ ವಿಷಯ: ಇಂಟರ್ನ್‌ಶಿಪ್ ಕ್ರೆಡಿಟ್‌ಗೂ ಫೀಸಿದೆ. ಅಸಿಸ್ಟೆಂಟ್‌ಶಿಪ್‌ನ ಫೀಸ್ ಮನ್ನಾ ಎಷ್ಟೋ ಕಡೆ ಬೇಸಿಗೆಗೆ ಅನ್ವಯಿಸುವುದಿಲ್ಲ. ಬೇಸಿಗೆಯಲ್ಲೇ ಮಾಡುವುದಾದರೆ ಒಂದೇ ಕ್ರೆಡಿಟ್‌ಗೆ ನೋಂದಾಯಿಸಲು ಬಿಡುತ್ತಾರೆಯೇ ಎಂದು ಕೇಳಿ, ಖರ್ಚು ಬಹಳ ಇಳಿಯುತ್ತದೆ.

ಕೆಲಸ ಶುರುವಾದ ಮೇಲೆ ಗಂಟೆಗಳನ್ನು ಅಂದಂದೇ ಬರೆದಿಡಿ: "ಅಕ್ಟೋಬರ್ 7, 2ರಿಂದ 5, 11 ಕಥೆ ಓದಿದೆ, 2 ಸಂಪಾದಕರಿಗೆ ದಾಟಿಸಿದೆ." ವಾರಕ್ಕೊಮ್ಮೆ ಮೇಲ್ವಿಚಾರಕರ ಕಣ್ಣಿಗೆ ಬೀಳಲಿ. ಡಿಸೆಂಬರಿನಲ್ಲಿ ಕೂತು ನೆನಪಿನಿಂದ ತುಂಬಿಸಿದ ಪಟ್ಟಿಯಲ್ಲಿ ಎಲ್ಲ ದಿನವೂ ಮೂರು ಮೂರು ಗಂಟೆ ಇರುತ್ತದೆ, ಅಧ್ಯಾಪಕರಿಗೆ ಅದು ಕೂಡಲೇ ಗೊತ್ತಾಗುತ್ತದೆ.

ಮೇಲ್ವಿಚಾರಕರ ಮೌಲ್ಯಮಾಪನ ಫಾರ್ಮನ್ನು 12ನೇ ವಾರದಲ್ಲೇ ಕಳಿಸಿ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಸಂಪಾದಕರು ರಜೆಗೆ ಹೊರಟಿರುತ್ತಾರೆ, ಕೆಲವರು ಕೆಲಸವನ್ನೇ ಬಿಟ್ಟಿರುತ್ತಾರೆ. ಫಾರ್ಮ್ ಬಾರದೆ ಗ್ರೇಡ್ ಹಾಕಲಾಗದು. ಅಂಕಪಟ್ಟಿಯಲ್ಲಿ "ಇನ್‌ಕಂಪ್ಲೀಟ್" ಎಂದು ಉಳಿದು, ಪದವಿ ಒಂದು ಸೆಮಿಸ್ಟರ್ ಮುಂದಕ್ಕೆ ಹೋಗಬಹುದು.