ಬಿಸಿಲಿಗೆ ಕೋಳಿ ತೊಗಲು ಮೊಟ್ಟೆ ಇಡ್ತಿದ್ರೆ

ಮೊನ್ನೆ ತಂಗಿ ಮನೆಗೆ ಹೋಗಿದ್ದೆ. ಚಳ್ಳಕೆರೆ ಕಡೆ ಏಪ್ರಿಲ್ ಬಿಸಿಲು ಗೊತ್ತಲ್ಲ, 40 ಡಿಗ್ರಿ ಹತ್ತಿರ. ಹಿತ್ತಲಲ್ಲಿ ಹತ್ತು ಹ್ಯಾಟೆ ಕೋಳಿ ಬಾಯಿ ತೆರಕೊಂಡು, ರೆಕ್ಕೆ ಅಗಲಿಸ್ಕೊಂಡು ತೇಕ್ತಾ ನಿಂತಿವೆ. ಅವಳ ಸೊಸೆ ಮಟಮಟ ಮಧ್ಯಾಹ್ನ ಬೊಗಸೆ ಬೊಗಸೆ ಮೆಕ್ಕೆಜೋಳ ಎರಚ್ತಿದ್ದಾಳೆ! "ಮೊಟ್ಟೆ ಗಟ್ಟಿ ಚಿಪ್ಪಿಲ್ಲದೆ ತೊಗಲು ತೊಗಲು ಬರ್ತಿವೆ ದೊಡ್ಡಮ್ಮ, ಅದಕ್ಕೇ ಜಾಸ್ತಿ ಹಾಕ್ತಿದೀನಿ" ಅಂತಾಳೆ.

ಜೋಳ ಅರಗುವಾಗ ಒಳಗೇ ಕಾವು ಏಳುತ್ತೆ ಕಣಮ್ಮ. ಕೋಳಿಗೆ ಬೆವರಿಲ್ಲ, ತೇಕಿಯೇ ಮೈ ತಣಿಸ್ಕೋಬೇಕು. ಹಾಗೆ ತೇಕಿದಷ್ಟೂ ಉಸಿರಿನ ಜೊತೆ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಚಿಪ್ಪು ಕಟ್ಟೋ ಸರಕು ಕಮ್ಮಿಯಾಗುತ್ತೆ. ಮೇಲಾಗಿ ಸೆಕೆಗೆ ಮೇವೂ ಸೇರಲ್ಲ. ಕಾಳುಕಡ್ಡಿ ಏನಿದ್ರೂ ಬೆಳಗ್ಗೆ ಬಿಸಿಲೇರೋ ಮೊದಲು, ಮತ್ತೆ ಹೊತ್ತಿಳಿದ ಮೇಲೆ. ಮಧ್ಯಾಹ್ನಕ್ಕೆ ಹಿಂದಿನ ರಾತ್ರಿಯ ರಾಗಿ ಅಂಬಲಿಗೆ ನೀರು ಮಜ್ಜಿಗೆ ಬೆರೆಸಿ ಇಡಿ, ಉಪ್ಪು ಹಾಕ್ಬೇಡಿ. ನುಗ್ಗೆ ಸೊಪ್ಪು, ಕಲ್ಲಂಗಡಿ ಸಿಪ್ಪೆ, ಇದ್ರೆ ಒಂದೆರಡು ಜಜ್ಜಿದ ನೆಲ್ಲಿಕಾಯಿ. ನೀರು ಮಣ್ಣಿನ ಬಾನಿಯಲ್ಲಿ, ನೆರಳಲ್ಲಿ. ಇಷ್ಟು ಯಾರಿಗೂ ಹೇಳಿಕೊಡ್ಬೇಕಾಗಿಲ್ಲ.

ಹೇಳಿಕೊಡ್ಬೇಕಾದ್ದು ಚಿಪ್ಪಿನ ವಿಷಯ: ಹೊಸ ಚಿಪ್ಪು ಕಟ್ಟೋಕೆ ಬೇಕಾದ ಸುಣ್ಣ ಹಳೇ ಚಿಪ್ಪಲ್ಲೇ ಇದೆ, ಅದನ್ನೇ ಕೋಳಿಗೆ ತಿನ್ನಿಸ್ಬೇಕು. ಈಗಿನವರು ಆಮ್ಲೆಟ್ ಮಾಡಿದ ಚಿಪ್ಪನ್ನ ಕಿಟಕಿಯಿಂದ ಹಾಗೇ ಕೋಳಿ ಮುಂದೆ ಎಸೀತಾರೆ. ಹೊಸದಾಗಿ ಮದುವೆಯಾದಾಗ ನಾನೂ ಎಸೆದಿದ್ದೆ, ನಮ್ಮತ್ತೆ ಕೈ ಮೇಲೆ ಸೌಟಲ್ಲಿ ಬಾರಿಸಿದ್ರು. ಎಂಟು ದಿನಕ್ಕೆ ಕಾರಣ ಗೊತ್ತಾಯ್ತು: ಕೆಂದ ಕೋಳಿ ಚಿಪ್ಪಿನ ಆಕಾರ ಗುರುತು ಹಿಡಿದು, ತಾನಿಟ್ಟ ಮೊಟ್ಟೆಯನ್ನೇ ಕುಕ್ಕಿ ಕುಡಿಯೋಕೆ ಶುರು ಮಾಡ್ತು. ಆ ಚಟ ಬಿಡಿಸೋಕಾಗ್ಲಿಲ್ಲ, ಭಾನುವಾರ ಸಾರಾಯ್ತು.

ಚಿಪ್ಪನ್ನ ತೊಳೆದು ಒಂದು ದಿನ ಪೂರ್ತಿ ಬಿಸಿಲಲ್ಲಿ ಒಣಗಿಸಿ. ಆಮೇಲೆ ದಪ್ಪ ಹೆಂಚಿನ ಮೇಲೆ, ಸಣ್ಣ ಉರಿಯಲ್ಲಿ, ಕೈ ಬಿಡದೆ ಹುರೀಬೇಕು. ಮೊದಲು ಕೂದಲು ಸುಟ್ಟ ಹಾಗೆ ಕಮಟು ವಾಸನೆ ಬರುತ್ತೆ. ಅಲ್ಲಿಗೇ ಇಳಿಸೋರು ಸೋಮಾರಿಗಳು. ಆ ವಾಸನೆ ಅಡಗಿ, ಚಿವುಟಿದ್ರೆ ಪಟ್ ಅಂತ ಮುರಿಯೋವರೆಗೂ ಕಾಯಿರಿ. ಆರಿದ ಮೇಲೆ ಒರಳಲ್ಲಿ ಕುಟ್ಟಿ. ಮಿಕ್ಸಿ ಬೇಡ, ಮುಖಕ್ಕೆ ಹಚ್ಚೋ ಪೌಡರಾಗುತ್ತೆ. ನುಚ್ಚಕ್ಕಿಯಷ್ಟು ದಪ್ಪ ಇರ್ಲಿ. ಜರಡಿಯಲ್ಲಿ ಇಳಿದ ಹಿಟ್ಟು ಕರಿಬೇವಿನ ಬುಡಕ್ಕೆ, ಮೇಲುಳಿದ ತರಿ ಕೋಳಿಗೆ.

ಅದನ್ನ ಕೊಡೋದು ಸಂಜೆ, ಗೂಡು ಸೇರೋ ಒಂದು ಗಂಟೆ ಮೊದಲು. ಒಂದು ಚಿಪ್ಪು ಕಟ್ಟೋಕೆ ಸುಮಾರು 20 ಗಂಟೆ ಬೇಕು, ಬಹುಪಾಲು ಕೆಲಸ ನಡೆಯೋದು ರಾತ್ರಿ, ಕೋಳಿ ಕಣ್ಣು ಮುಚ್ಚಿ ಕೂತಾಗ. ತರಿ ಹೊಟ್ಟೇಲಿ ನಿಧಾನ ಕರಗಿ ಆ ಹೊತ್ತಿಗೆ ಒದಗುತ್ತೆ, ಹಿಟ್ಟು ಬೇಗ ಜಾರಿ ಹೋಗುತ್ತೆ. ಮೇವಿಗೆ ಕಲಸ್ಬೇಡಿ. ಬೇರೆ ಕರಟದಲ್ಲಿಟ್ರೆ ಬೇಕಾದ ಹ್ಯಾಟೆ ತಾನೇ ಬಂದು ಬೇಕಾದಷ್ಟು ತಿನ್ನುತ್ತೆ. ಮರಿಗಳಿಗೆ ಸಿಗದ ಹಾಗೆ ಎತ್ತರದಲ್ಲಿಡಿ, ಅವುಗಳ ಮೂತ್ರಪಿಂಡ ಕೆಡುತ್ತೆ. ಮೊಟ್ಟೆಚಿಪ್ಪು ಸಾಲದಿದ್ರೆ ಅಂಗಡಿಯ ಕಪ್ಪೆಚಿಪ್ಪಿನ ತರಿ ಸೇರಿಸ್ಕೊಳ್ಳಿ.

ಚಿಪ್ಪು ಒಣಗಿಸೋ ಮಾಳಿಗೆ ಮೇಲೇ ಸಂಡಿಗೆನೂ ಹಾಕಿರ್ತೀರಿ. ಕಾಯೋಕೆ ಕೂತೋರು ಫೋನ್ ನೋಡ್ತಾ ಕೂತ್ರೆ ಕೋಳಿ ಹತ್ತಿ ಉಪ್ಪಿನ ಸಂಡಿಗೆ ಮುಕ್ಕಿ, ನೀರು ಕುಡಿದು ಕುಡಿದು ಭೇದಿ ಮಾಡ್ಕೊಳ್ತಾವೆ.

ಇನ್ನೊಂದು, ಶೇಂಗಾ ಹಿಂಡಿ. ಒಳ್ಳೇದೇ, ಒಂದು ಹಿಡಿ ಹಾಕಿ. ಬೂಸ್ಟು ಹಿಡಿದಿದ್ರೆ ಮಾತ್ರ "ಕೋಳಿಗಾದ್ರೂ ಆಗುತ್ತೆ" ಅನ್ಬೇಡಿ, ಅದು ಈಲಿಗೆ, ಅಂದ್ರೆ ಲಿವರ್‌ಗೆ, ವಿಷ. ಗುಂಡಿ ತೋಡಿ ಹೂಳಿ. ತಿಪ್ಪೆಗೆ ಎಸೆದ್ರೆ ಅಲ್ಲೇ ಕೆದರಿ ತಿಂತಾವೆ.